ಡ್ಯಾನ್‌ವಿಲ್‌ನಿಂದ ಸುರಬಾಯಾದ ಹಡಗಿಗೆ

ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ನಾನೂ ಹದಿನೈದರ ಮೊಮ್ಮಗಳು ಈಶಾಳೂ ಡ್ಯಾನ್‌ವಿಲ್‌ನಿಂದ ಹೊರಟೆವು. ಮಗಳು ವಾಲ್ನಟ್ ಕ್ರೀಕ್ ಸ್ಟೇಷನ್ನಿಗೆ ಕಾರಿನಲ್ಲಿ ಬಿಟ್ಟಳು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಇಲ್ಲ. ದಂಡೆಯಲ್ಲಿ ಮಂಜು ಹರಿದಿತ್ತು, ಗಾಳಿ ಮಾತ್ರ ಕಿವಿ ಕೊರೆಯುತ್ತಿತ್ತು.

ನೋಡಬೇಕಾಗಿದ್ದುದು ಇಂಡೋನೇಷ್ಯಾ ನೌಕಾಪಡೆಯ ಫ್ರಿಗೇಟು. ಅತಿಥಿಯಾಗಿ ಬಂದಿದ್ದ ಈ ಯುದ್ಧನೌಕೆಯನ್ನು ಅವರು ತಮ್ಮ ಸುರಬಾಯಾ ಬಂದರಿನಲ್ಲೇ ದೊಡ್ಡ ದೊಡ್ಡ ತುಂಡುಗಳನ್ನು ಬೆಸೆದು ಕಟ್ಟಿದ್ದರು. ಮುಂಬೈ ಡಾಕ್‌ಯಾರ್ಡಿನಲ್ಲಿ ನಾನು ಮೂವತ್ತೆಂಟು ವರ್ಷ ಮಾಡಿದ್ದೂ ಬೆಸುಗೆಯ ಕೆಲಸವೇ. ನಮ್ಮ ಮನೆಯವರು ಯಾರೂ ಅದನ್ನು ಕಣ್ಣಾರೆ ಕಂಡಿಲ್ಲ. ಈಶಾಗಾದರೂ ತೋರಿಸಬೇಕೆಂಬುದು ನನ್ನ ಆಸೆ. ಜನರನ್ನು ಹತ್ತಿಸುವುದು ಅದೇ ಕೊನೆಯ ದಿನ, ಹನ್ನೊಂದೂವರೆಯವರೆಗೆ ಮಾತ್ರ.

ಹತ್ತೂ ಐವತ್ತಕ್ಕೆ ಗೇಟು ತಲುಪಿದೆವು. ಕಾವಲಿದ್ದ ಇಂಡೋನೇಷ್ಯಾದ ನಾವಿಕ ನನ್ನ ಬಟ್ಟೆಗಂಟು ನೋಡಿ ತಲೆಯಾಡಿಸಿದ. ತಿನಿಸು ಒಳಗೆ ಒಯ್ಯುವಂತಿಲ್ಲ. ಡಾಕ್‌ಯಾರ್ಡಿನ ಗೇಟನ್ನು ಬುತ್ತಿಯಿಲ್ಲದೆ ಒಂದು ದಿನವೂ ದಾಟಿದವನಲ್ಲ ನಾನು. ಹಡಗು ಅಂದಕೂಡಲೇ ಹತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡುಬಿಟ್ಟಿದ್ದೆ.

"ಅಜ್ಜಾ, ಟ್ರ್ಯಾಶ್‌ಗೆ ಹಾಕಿ," ಎಂದಳು ಈಶಾ.

"ರೊಟ್ಟೀನ? ನಿಮ್ಮಜ್ಜಿಗೆ ಗೊತ್ತಾದ್ರ ನನ್ನನ್ನೂ ಅದರಾಗ ಒಗೀತಾಳ."

"ಓಕೆ, ನೀವು ಹೋಗಿ. ನಾನು ಹೊರಗೆ ಹಿಡ್ಕೊಂಡಿರ್ತೀನಿ."

"ನಾ ಒಬ್ಬನ ಹೋಗಿ ಏನ್ ನೋಡ್ಲಿ? ದಿನಾ ನೋಡಿದ್ದ ಅದ. ತಿನ್ನು, ಲಗೂ!"

ಇಬ್ಬರೂ ಕುರುಂಕುರುಂ ಶುರುಮಾಡಿದೆವು. ಹತ್ತು ರೊಟ್ಟಿ ನಮ್ಮಿಂದ ಮುಗಿಯುವಂತಿರಲಿಲ್ಲ. ಸಾಲಿನಲ್ಲಿದ್ದವರಿಗೆಲ್ಲ ಮುರಿದು ಹಂಚಿದೆ. ನಾವಿಕನೂ ಆಚೀಚೆ ನೋಡಿ ಚಟ್ನಿ ಹಚ್ಚಿದ ಚೂರೊಂದನ್ನು ಬಾಯಿಗೆ ಹಾಕಿಕೊಂಡು, "ಕಾಚಾಂಗ್!" ಎಂದು ನಕ್ಕ. ಅವರಲ್ಲಿ ಶೇಂಗಾಕ್ಕೆ ಹಾಗನ್ನುತ್ತಾರಂತೆ. ಹನ್ನೊಂದೂ ಇಪ್ಪತ್ತೈದಕ್ಕೆ ಖಾಲಿ ಬಟ್ಟೆ ಮಡಚಿ ಕಿಸೆಗಿಟ್ಟು ಹಡಗು ಹತ್ತಿದೆವು.

ಮೇಲೆ, ಬೂದುಬಣ್ಣದ ಗೋಡೆಯೊಂದರ ಮೇಲೆ ಈಶಾಳ ಅಂಗೈ ಇಡಿಸಿ ನಿಧಾನವಾಗಿ ಎಳೆಸಿದೆ.

"ಇಲ್ಲೊಂದು ಲೈನ್ ಇದೆ, ಅಜ್ಜಾ."

"ಅದ ಬೆಸುಗಿ. ಎರಡು ತಗಡು ಕೂಡಿದ್ದು ಅಲ್ಲೇ. ಕಣ್ಣಿಗೆ ಕಾಣಬಾರದು, ಕೈಗೆ ಮಾತ್ರ ಸಿಗಬೇಕು."

ಅವಳು ಗೋಡೆಯುದ್ದಕ್ಕೂ ಕೈಯಾಡಿಸುತ್ತ ಹೋದಳು. ಆಮೇಲೆ ಅಲ್ಲಿದ್ದ ಅಧಿಕಾರಿಯೊಬ್ಬರಿಗೆ, ನಮ್ಮಜ್ಜ ಹಡಗು ಕಟ್ಟಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು.

"ಇಡೀ ಹಡಗಲ್ಲವ್ವಾ," ಎಂದು ತಿದ್ದಿದೆ. "ನಾ ಕೆಲಸಾ ಮಾಡಿದ ಮೊದಲನೇ ಹಡಗಿನ ಎಡಮಗ್ಗಲಿನ ಹನ್ನೆರಡು ತಗಡು."

ದಂಡೆಗೆ ಇಳಿದು ನಾನು ಸ್ಟೇಷನ್ನಿನ ಕಡೆ ಕಾಲುಹಾಕಿದೆ. ಈಶಾ ಬರಲಿಲ್ಲ. ಹಡಗಿನತ್ತ ತಿರುಗಿ ನಿಂತಿದ್ದಳು.

"ಈ ಹಡಗಲ್ಲಾದ್ರೆ ನಿಮ್ಮ ಹನ್ನೆರಡು ತಗಡು ಎಲ್ಲಿಂದ ಎಲ್ಲಿವರೆಗೆ?"

ಹಿಂಬದಿಯಿಂದ ಶುರುಮಾಡಿ ಬೆರಳಾಡಿಸಿ ತೋರಿಸಿದೆ.

"ಅಷ್ಟು ಉದ್ದ!" ಎಂದವಳು ತಾನೂ ಬೆರಳಾಡಿಸುತ್ತ ಹಿಂಬದಿಯಿಂದ ಒಂದೊಂದಾಗಿ ಎಣಿಸತೊಡಗಿದಳು. ನಾನು ಗೊತ್ತುಮಾಡಿಕೊಂಡಿದ್ದ ರೈಲು ಅಷ್ಟರಲ್ಲಿ ಹೊರಟುಹೋಗಿರಬೇಕು. ಗಡಿಯಾರ ನೋಡಲಿಲ್ಲ.