ಸಾಮ್ರಾಜ್ಯ ಬೀಳುವವರೆಗೆ

ವಿದೇಶ ಪ್ರವಾಸಕ್ಕೆ ಹೋದಾಗ ಹೌನ್ಸ್ಲೋದಲ್ಲಿ ನಾವು ಇಳಿದುಕೊಂಡಿದ್ದ ಮನೆಯ ಒಡತಿ ಸರ್ಬಿಯಾದವರು. ವಿಮಾನ ನಿಲ್ದಾಣಕ್ಕೆ ತಮ್ಮ ಕಾರಿನಲ್ಲೇ ಬಿಡುತ್ತೇನೆಂದಿದ್ದರು. ಹೊರಡುವ ಹೊತ್ತಿಗೆ, ಗೋಡೆಯ ಪಟದಲ್ಲಿರುವ ಕಿರೀಟಧಾರಿ ಯಾರೆಂದು ಕೇಳಿಬಿಟ್ಟೆ. ತಪ್ಪು ನನ್ನದೇ.

"ನಮ್ಮ ಚಕ್ರವರ್ತಿ. ಆರುನೂರೈವತ್ತು ವರ್ಷದ ಹಿಂದೆ ಇಲ್ಲಿಂದ ಇಲ್ಲಿಯವರೆಗೂ ನಮ್ಮದೇ!"

ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಡ್ಯಾನ್ಯೂಬ್ ನದಿಯಾಯಿತು, ಬೆಣ್ಣೆಯ ತಟ್ಟೆ ಗ್ರೀಸ್ ಆಯಿತು. ಚಕ್ರವರ್ತಿ ಒಂದೊಂದು ಕೋಟೆ ಗೆದ್ದಾಗಲೂ ನಾನು ಗಡಿಯಾರ ನೋಡುತ್ತಿದ್ದೆ. ಊರು ಬಿಡುವ ಮೊದಲೇ, ಮರಳುವ ವಿಮಾನ ತಪ್ಪಿದಂತೆ ಕನಸು ಕಂಡವನು ನಾನು.

"ಈ ಸಾಮ್ರಾಜ್ಯ ಬೀಳೂತನಕಾ ಕಾರು ಹೊರಡಂಗಿಲ್ಲ ಕಾಣಸ್ತದ," ಎಂದಳು ಹೆಂಡತಿ. "ಮುಂದೇನಾತು, ಕೇಳ್ರಿ."

ಕೇಳಿದೆ. ಒಡತಿಯ ದನಿ ಇಳಿಯಿತು.

"ಅವನು ಸತ್ತ. ಮಗ ಮೆತ್ತಗಿನವನು. ಸರದಾರರು ಆಳಿಗೊಂದು ತುಂಡು ಹರಿದುಕೊಂಡರು. ಅಷ್ಟೆ, ನಡೆಯಿರಿ."

ಅವರು ಕಾರಿನ ಕೀ ಕೈಗೆತ್ತಿಕೊಂಡರು. ಅವರ ಬಾಡಿದ ಮುಖ ನೋಡಿ ನನಗೆ ಸುಮ್ಮನಿರಲಾಗಲಿಲ್ಲ.

"ನಾವು ಹೊಸಪೇಟೆಯವರು, ಮೇಡಂ. ನಮ್ಮ ಪಕ್ಕದ ಹಂಪಿಯಲ್ಲೂ ಒಂದು ಸಾಮ್ರಾಜ್ಯವಿತ್ತು. ಅದೂ ಬಿತ್ತು."

"ಹೌದೇ? ಹೇಗೆ?" ಒಡತಿ ಕೀ ಕೆಳಗಿಟ್ಟು ನನಗೊಂದು ಕುರ್ಚಿ ಎಳೆದರು.

ಹೆಂಡತಿ ಹೆಗಲಿನ ಚೀಲ ಇಳಿಸಿದಳು. "ಹೇಳ್ರಿ. ಲಗೂನ ಬೀಳಸ್ರಿ."