ಮೂರೇ ಮಾತಿನ ಅನುವಾದ

ಪಿಲ್ಲಗುಂಪೆಯಲ್ಲಿ ಪ್ಲಾಸ್ಟಿಕ್ ಡಬ್ಬಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಕೆಲವು ವರ್ಷ ಕ್ವಾಲಿಟಿ ಚೆಕಿಂಗ್ ಕೆಲಸ ಮಾಡಿದೆ. ಅಲ್ಲಿದ್ದ ಹೆಂಗಸರಲ್ಲಿ ಬಿ.ಕಾಂ. ಮುಗಿಸಿದವಳು ನಾನೊಬ್ಬಳೇ ಆದ್ದರಿಂದ ನನಗೆ ಇಂಗ್ಲಿಷ್ ಬರುತ್ತದೆಂದು ಮ್ಯಾನೇಜರ್ ನಂಬಿದ್ದರು. ಆ ನಂಬಿಕೆ ನನಗೂ ಹಿತವಾಗಿತ್ತು.

ಒಂದು ಶನಿವಾರ ನಮಗೆ ಸಂವಹನ ಕಲಿಸಲು ಬೆಂಗಳೂರಿನಿಂದ ಒಬ್ಬ ತರಬೇತುದಾರ ಬಂದ. ಇಸ್ತ್ರಿ ಮುರಿಯದ ಅಂಗಿ, ಕೆನ್ನೆಗೆ ಅಂಟಿಸಿಕೊಂಡ ಮೈಕು. ಕನ್ನಡದ ಒಂದಕ್ಷರವೂ ಬಾರದ ಆ ಮಹಾಶಯ, ಪ್ಯಾಕಿಂಗ್ ವಿಭಾಗದ ಹೆಂಗಸರನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿಕೊಂಡು, ಮಾತು ಒಬ್ಬರಿಂದ ಇನ್ನೊಬ್ಬರಿಗೆ ತಲುಪುವುದು ಹೇಗೆಂದು ಇಂಗ್ಲಿಷಿನಲ್ಲಿ ವಿವರಿಸಿದ. ಗೋಡೆಯ ಮೇಲೆ ಚಿತ್ರ ಬಿತ್ತು. ಈ ಕಡೆ ಒಂದು ತಲೆ, ಆ ಕಡೆ ಒಂದು ತಲೆ, ನಡುವೆ ಒಂದು ಬಾಣ. ಬಾಣಕ್ಕೆ ಅಡ್ಡ ಬರುವುದೆಲ್ಲ ‘ಸದ್ದು’ ಅಂತೆ. ದಿನವಿಡೀ ಮೋಲ್ಡಿಂಗ್ ಮಷೀನುಗಳ ಪಕ್ಕ ನಿಲ್ಲುವವರಿಗೆ ಆತ ಸದ್ದೆಂದರೇನೆಂದು ಕಲಿಸುತ್ತಿದ್ದ. ನಾನು ಪಕ್ಕದಲ್ಲಿ ನಿಂತು ಅದನ್ನೆಲ್ಲ ಭಕ್ತಿಯಿಂದ ಕನ್ನಡಕ್ಕೆ ತಿರುಗಿಸುತ್ತಿದ್ದೆ. ಮುಂದಿನ ಸಾಲಿನಲ್ಲಿ ಮ್ಯಾನೇಜರ್ ಫೋನು ನೋಡುತ್ತಲೇ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದರು.

ಕೊನೆಯಲ್ಲಿ ಆತ, ಯಾರಾದರೂ ಮನಸ್ಸು ಬಿಚ್ಚಿ ಮಾತಾಡಿ ಎಂದ. ಹೊಸಕೋಟೆ ಪೇಟೆಯಿಂದ ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ಎದ್ದು ನಿಂತರು. ಅವರನ್ನು ನಾವೆಲ್ಲ ಚಿಕ್ಕಮ್ಮ ಎನ್ನುವಂತೆ ಖಾಲಾ ಎನ್ನುತ್ತಿದ್ದೆವು. ಮನೆಯಲ್ಲಿ ಅವರದು ದಖನಿ ಉರ್ದು, ನಮ್ಮ ಜೊತೆ ನಮ್ಮಂಥದೇ ಕನ್ನಡ.

“ನಮ್ ಪ್ಯಾಕಿಂಗ್ ಶೆಡ್ ಹಿಂದ್ಗಡೆ ಬಾಗ್ಲು ಐತಲ್ಲ ಸಾರ್, ಬೆಂಕಿ ಗಿಂಕಿ ಬಿದ್ರೆ ಓಡೋಕೆ ಅಂತ ಮಡಗಿರೋದು, ಅದಕ್ಕೆ ಅಡ್ಡ ಆಳೆತ್ತರ ಬಾಕ್ಸ್ ಜೋಡ್ಸವ್ರೆ. ಸೂಪರ್‌ವೈಸರ್‌ಗೆ ಮೂರು ಸಲ ಹೇಳ್ದೆ. ‘ನಿನ್ ಕೆಲ್ಸ ನೋಡ್ಕೊ’ ಅಂದ. ನಾವೇನು ಒಳಗೇ ಸಾಯ್ಬೇಕಾ?”

ಮ್ಯಾನೇಜರ್ ಫೋನಿನಿಂದ ತಲೆಯೆತ್ತಿದರು. ನೆಲಮಂಗಲದ ಕಡೆಯವರು, ಪ್ರತಿ ಶಬ್ದವೂ ಅವರಿಗೆ ಅರ್ಥವಾಗಿತ್ತು. ಆದರೆ ಖಾಲಾರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಅಷ್ಟು ಸಾಕಾಯಿತು. ಕೆಲಸದ ಜಾಗ ಇನ್ನೂ ಚೊಕ್ಕಟವಾಗಿರಲಿ ಎನ್ನುತ್ತಿದ್ದಾರೆ, ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ತರಬೇತುದಾರ ಖುಷಿಯಿಂದ ಚಪ್ಪಾಳೆ ತಟ್ಟಿದ. ನಾವೂ ತಟ್ಟಿದೆವು.

ಕೈ ತೊಳೆಯುವ ನಲ್ಲಿಯ ಹತ್ತಿರ ಖಾಲಾ ನನ್ನನ್ನು ತಡೆದರು.

“ನಾನು ಅಷ್ಟುದ್ದ ಹೇಳ್ದೆ, ನೀನು ಮೂರೇ ಮಾತಲ್ಲಿ ಮುಗಿಸ್ಬಿಟ್ಟೆ. ಏನಂದೆ ಬೇಟಿ?”

“ನೀವು ಹೇಳಿದ್ದೇ ಹೇಳ್ದೆ ಖಾಲಾ. ಇಂಗ್ಲಿಷಲ್ಲಿ ಚಿಕ್ದಾಗಿ ಬರುತ್ತೆ.”

ಅವರು ನನ್ನ ಮುಖವನ್ನೇ ನೋಡಿದರು. ಸೆರಗಿಗೆ ಕೈ ಒರೆಸಿಕೊಂಡು ಹೋದರು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಮಧ್ಯಾಹ್ನ ಊಟ ಮುಗಿಸಿ ಬಂದಿದ್ದೆವು. ಮುಂದಿನ ಬಾಗಿಲ ಬಳಿ, ಬಾಕ್ಸುಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತುವ ಮಷೀನು ಹೊತ್ತಿಕೊಂಡಿತು. ಕಪ್ಪು ಹೊಗೆ, ಕೆಟ್ಟ ವಾಸನೆ. ಎಲ್ಲರೂ ಹಿಂದಿನ ಬಾಗಿಲಿಗೆ ಓಡಿದೆವು. ಅಲ್ಲಿ ಬಾಕ್ಸುಗಳು ಹಾಗೇ ನಿಂತಿದ್ದವು. “ಎಳೀರಿ, ನೋಡ್ತಾ ನಿಂತ್ಕೋಬೇಡಿ!” ಎಂದು ಖಾಲಾ ಕೂಗಿ ತಾವೇ ಕೈ ಹಾಕಿದರು. ಎಳೆಯುವ ಗಡಿಬಿಡಿಯಲ್ಲಿ ಅಟ್ಟಿಯೇ ಉರುಳಿ, ತೂಬಗೆರೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳ ಪಾದದ ಮೂಳೆ ಮುರಿಯಿತು. ಅವಳನ್ನು ಎತ್ತಿಕೊಂಡೇ ಹೊರಗೆ ಬಂದೆವು. ಅಷ್ಟರಲ್ಲಿ ಮೋಲ್ಡಿಂಗ್‌ನವರು ಬೆಂಕಿ ಆರಿಸಿದ್ದರು.

ವಿಚಾರಣೆಗೆ ಹೆಡ್ ಆಫೀಸಿನಿಂದ ಬಂದ ಅಧಿಕಾರಿಗೂ ಕನ್ನಡ ಬರುತ್ತಿರಲಿಲ್ಲ. ಮತ್ತೆ ನನ್ನನ್ನೇ ಕರೆದರು. ಬಾಗಿಲಿನ ವಿಷಯ ತಮ್ಮ ಗಮನಕ್ಕೆ ಯಾರೂ ತಂದಿರಲಿಲ್ಲ ಎಂದು ಮ್ಯಾನೇಜರ್ ನಾಚಿಕೆಯಿಲ್ಲದೆ ಹೇಳಿದರು. ಸೂಪರ್‌ವೈಸರ್ ಹೌದೆಂದು ಗೋಣು ಹಾಕಿದ. ಆಮೇಲೆ ಖಾಲಾರ ಸರದಿ ಬಂತು.

“ಇವ್ನಿಗೆ ಮೂರು ಸಲ ಹೇಳ್ದೆ. ಮೈಕ್ ಹಾಕ್ಕೊಂಡು ಬಂದಿದ್ರಲ್ಲ, ಅವ್ರ ಮುಂದೆ, ಮ್ಯಾನೇಜರ್ ಕೂತಿದ್ದಂಗೇ ಹೇಳ್ದೆ. ಅವತ್ತು ಈ ಹುಡ್ಗಿ ನನ್ ಮಾತ ತಿರುಚ್ಬಿಡ್ತು.” ನನ್ನ ಕಡೆ ತಿರುಗಿದರು. “ಇದನ್ನೂ ಹೇಳು.”

ಹೇಳತೊಡಗಿದೆ. “ಅಷ್ಟೆಲ್ಲಾ ಬೇಕಾಗಿಲ್ಲಮ್ಮ” ಎಂದರು ಮ್ಯಾನೇಜರ್, ಕನ್ನಡದಲ್ಲಿ, ಮೆಲ್ಲಗೆ. ನಾನು ನಿಲ್ಲಿಸಲಿಲ್ಲ. ವ್ಯಾಕರಣ ತಪ್ಪುತ್ತಿತ್ತು, ಆದರೂ ಕೊನೆಯ ಮಾತಿನವರೆಗೂ ಹೇಳಿದೆ. ಅಧಿಕಾರಿ ಬರೆದುಕೊಂಡ.

ಆ ಬಾಗಿಲಿನ ಮುಂದೆ ಹಳದಿ ಗೆರೆ ಎಳೆದರು. ಸೂಪರ್‌ವೈಸರನ್ನು ಬೇರೆ ಶೆಡ್ಡಿಗೆ ಕಳಿಸಿದರು, ಮ್ಯಾನೇಜರ್ ಕುರ್ಚಿ ಬಿಟ್ಟು ಅಲುಗಲಿಲ್ಲ. ವರದಿಯಲ್ಲಿ ಕಾರಣ ‘ಭಾಷೆಯ ತೊಡಕು’ ಎಂದು ಬರೆದಿತ್ತಂತೆ. ಎಂಥ ಹೇಡಿ ಮಾತು! ಅವತ್ತು ಕ್ಯಾಂಟೀನಿನಲ್ಲಿ ಖಾಲಾರ ಮಾತು ಅರ್ಥವಾಗದವನು ಆ ತರಬೇತುದಾರ ಒಬ್ಬನೇ. ಮಿಕ್ಕವರಿಗೆಲ್ಲ ಅರ್ಥವಾಗಿತ್ತು, ಎಲ್ಲರಿಗಿಂತ ಚೆನ್ನಾಗಿ ನನಗೆ.

ಅನುವಾದದ ಕೆಲಸಕ್ಕೆ ಮತ್ತೆ ನನ್ನನ್ನು ಯಾರೂ ಕರೆಯಲಿಲ್ಲ. ಒಂದು ದಿನ ಊಟಕ್ಕೆ ಖಾಲಾರ ಎದುರಿಗೆ ಹೋಗಿ ಕೂತೆ. ಅವರು ತಮ್ಮ ಡಬ್ಬಿ ಸರಿಸಿ ಜಾಗ ಮಾಡಿಕೊಟ್ಟರು.

“ಇದೇ ಅವತ್ತು ಹೇಳಿದ್ರೆ ಆ ಹುಡ್ಗಿ ಕಾಲು ಮುರೀತಿರ್ಲಿಲ್ವಲ್ಲ” ಎಂದರು.

“ಹೂಂ ಖಾಲಾ” ಎಂದೆ. ಇಬ್ಬರೂ ಊಟ ಮಾಡಿದೆವು.