ಏಳನೆಯ ಸೀಟು

ಕೊಟ್ಟೂರಿನ ನಮ್ಮ ಓಣಿಗೆ ಮೊದಲು ಕಾರು ತಂದವನು ನಾನು. ಅದೂ ಸೆಕೆಂಡ್ ಹ್ಯಾಂಡ್, ಸಣ್ಣದು, ಬಿಳಿಯದು. ಜೊತೆಗೆ ಹೈಸ್ಕೂಲು ಮೇಷ್ಟ್ರು ಬೇರೆ. ಈ ಎರಡು ಅರ್ಹತೆಗಳ ಮೇಲೆ, ಕಾರು ಕೊಳ್ಳುವವರೆಲ್ಲ ನನ್ನನ್ನು ಕೇಳಿಯೇ ಕೊಳ್ಳುವ ಪದ್ಧತಿ ಬೆಳೆದುಬಿಟ್ಟಿತು. ಇಂಜಿನ್ನಿನ ಬಗ್ಗೆ ನನಗೆ ಗೊತ್ತಿದ್ದದ್ದು ಮೊಬೈಲಿನಲ್ಲಿ ನೋಡಿದ್ದಷ್ಟೇ. ಆದರೂ ಹೇಳಲು ಕೂತರೆ ಮೆಕ್ಯಾನಿಕ್ಕುಗಳೂ ತಲೆದೂಗುವಂತೆ ಹೇಳುತ್ತಿದ್ದೆ.

ಜನ ಕೇಳುವ ಪ್ರಶ್ನೆಗಳೂ ಅಂಥವೇ. ಮೈಲೇಜ್ ಎಷ್ಟು, ಮಳೆಗಾಲದಲ್ಲಿ ಎರೆ ಹೊಲದ ದಾರಿಯಲ್ಲಿ ಹೂತುಕೊಳ್ಳುತ್ತದೋ ಹೇಗೆ, ಮುಂದೆ ಮಾರಿದರೆ ಒಳ್ಳೆಯ ರೇಟು ಬರುತ್ತದೋ ಇಲ್ಲವೋ. ಇವೆಲ್ಲ ಬಾಯಿಮಾತಿಗೆ. ಒಳಗಿರುವುದು ಬೇರೆ: ಬೀಗರು ಏನನ್ನುತ್ತಾರೆ, ಎದುರುಮನೆಯವನದು ಯಾವುದು. ಹರಪನಹಳ್ಳಿಯ ಒಬ್ಬರು ಮೂರು ತಿಂಗಳು ಕಂಡಕಂಡ ಕಾರುಗಳನ್ನೆಲ್ಲ ಓಡಿಸಿ ನೋಡಿ, ಕೊನೆಗೆ ಷಡ್ಡಕನ ಕಾರಿಗಿಂತ ಒಂದು ಗೇಣು ಉದ್ದವಿದೆಯೆಂದು ಒಂದನ್ನು ತಂದರು. ನಾನು ಸ್ಟಾಫ್ ರೂಮಿನಲ್ಲಿ ಅವರನ್ನು ಆಡಿಕೊಂಡು ನಕ್ಕಿದ್ದೇ ನಕ್ಕಿದ್ದು. ನಾನು ಮಾಡಿದ್ದು ಅದಕ್ಕಿಂತ ಹೀನ.

ನಮ್ಮ ಮನೆಯಿಂದ ಎರಡು ಮನೆ ಆಚೆ ಒಬ್ಬ ಗೆಳೆಯನಿದ್ದಾನೆ. ನನಗಿಂತ ಚಿಕ್ಕವನು, ಬಜಾರಿನಲ್ಲಿ ಪಾತ್ರೆ ಅಂಗಡಿ. ಮನೆಯಲ್ಲಿ ಏಳು ಜನ: ಅವನು, ಹೆಂಡತಿ, ಮೂರು ಮಕ್ಕಳು, ಅವ್ವ, ಮತ್ತು ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಅಕ್ಕ ಇಪ್ಪತ್ತು ವರ್ಷಗಳಿಂದ ಆ ಮನೆಯ ಒಲೆ, ಮಕ್ಕಳು, ಅವ್ವನ ಗುಳಿಗೆ ಎಲ್ಲವನ್ನೂ ನೋಡಿಕೊಂಡವರು. ಗೆಳೆಯ ಏಳು ಸೀಟಿನ ಗಾಡಿ ತೆಗೆದುಕೊಳ್ಳಬೇಕೆಂದಿದ್ದ.

"ಏಳು ಮಂದಿ ಅದೀವಿ, ಏಳು ಸೀಟು. ಒಬ್ಬರೂ ಹಿಂದ ಉಳೀಬಾರದು. ಏನಂತೀರಿ ಮೇಷ್ಟ್ರ?"

ಅವನ ಮಾತು ಸರಿಯಾಗಿತ್ತು. ಆ ಗಾಡಿಯೂ ಒಳ್ಳೆಯದೇ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದು ಓಣಿಯ ಬೇವಿನ ಮರದ ಕೆಳಗೆ ನನ್ನ ಕಾರಿನ ಪಕ್ಕದಲ್ಲೇ ನಿಲ್ಲುವುದಿತ್ತು. ಎತ್ತಿನ ಪಕ್ಕ ಕರು ನಿಂತ ಹಾಗೆ ನನ್ನದು ಕಾಣುವುದು ಆಗಲೇ ಕಣ್ಣಿಗೆ ಕಟ್ಟಿತು. ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ.

"ಬ್ಯಾಡಪಾ," ಎಂದೆ. "ಹಿಂದಿನ ಸೀಟು ಬರೇ ಹೆಸರಿಗೆ. ಕುಂತೋರಿಗೆ ಹೊಟ್ಟಿ ತೊಳಸತೈತಿ. ನಮ್ಮ ಓಣ್ಯಾಗ ತಿರುಗಂಗಿಲ್ಲ. ಐದು ಸೀಟಿಂದು ಸಾಕು." ಆಮೇಲೆ ಇನ್ನೂ ಒಂದು ಸೇರಿಸಿದೆ: "ನಾ ಹೇಳೀನಂತ ಮನ್ಯಾಗ ಹೇಳಬ್ಯಾಡ ಮತ್ತ. ನಾಳೆ ಏನರ ಆದ್ರ ನನ್ನ ಮ್ಯಾಲ ಬರತೈತಿ." ಅವನು ನನ್ನ ಕೈ ಮುಟ್ಟಿ ಆಯಿತೆಂದ.

ಆದರೂ ಅವನ ಮನಸ್ಸು ಪೂರ್ತಿ ತಿರುಗಿರಲಿಲ್ಲ. ದಾವಣಗೆರೆಯ ಶೋರೂಮಿಗೆ ನನ್ನ ಕಾರಿನಲ್ಲೇ ಹೋದೆವು, ಅವನು, ಅವನ ಹೆಂಡತಿ, ಅಕ್ಕ. ಅಲ್ಲಿ ಏಳು ಸೀಟಿನ ಗಾಡಿಯ ಬಾಗಿಲು ತೆರೆದಿತ್ತು. ಅಕ್ಕ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹತ್ತಿದರು. ಮಧ್ಯದ ಸೀಟು ದಾಟಿ ಹಿಂದಿನ ಮೂಲೆಯಲ್ಲಿ ಕೂತು, ಸೆರಗಿನಿಂದ ಕಿಟಕಿಯ ಗಾಜು ಒರೆಸಿ ಹೊರಗೆ ನೋಡಿದರು. ಅದು ತಮ್ಮ ಜಾಗವೆಂದು ಅವರು ಆಗಲೇ ಗೊತ್ತುಮಾಡಿಕೊಂಡಿದ್ದರು. ಗೆಳೆಯ ನನ್ನ ಮುಖ ನೋಡಿದ. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅವನು ಐದು ಸೀಟಿನದಕ್ಕೆ ಸಹಿ ಹಾಕಿದ.

ಪೂಜೆಯ ದಿನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟವರು ಅಕ್ಕನೇ. ಒಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಆ ಕಾರಿನಲ್ಲಿ ಆರು ಜನ ಹಿಡಿಯುತ್ತಾರೆ. ಇಟ್ಟಿಗಿಯ ಮದುವೆಗೆ ಆರು ಜನ ಹೋದರು. ಹಲವಾಗಲಿನ ಹೊಳೆಗೆ ಆರು ಜನ ಹೋದರು. ಪ್ರತಿ ಸಲವೂ ಅಕ್ಕ ಬಾಗಿಲಲ್ಲಿ ನಿಂತು, "ಮನಿಗೆ ಯಾರರ ಬೇಕಲ್ಲ, ನೀವು ಹೋಗಿ ಬರ್ರಿ," ಎನ್ನುತ್ತಿದ್ದರು. ನಾನು ನಮ್ಮ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತು ಅದನ್ನು ಕೇಳುತ್ತಿದ್ದೆ. ನನ್ನ ಕಾರಿನಲ್ಲಿ ಓಡಾಡುವವರು ನಾನು ಮತ್ತು ನನ್ನ ಹೆಂಡತಿ ಇಬ್ಬರೇ, ಹಿಂದಿನ ಸೀಟು ಸದಾ ಖಾಲಿ. ಬನ್ನಿ ಎಂದು ಅಕ್ಕನನ್ನು ಒಮ್ಮೆಯೂ ಕರೆಯಲಿಲ್ಲ. ಕರೆಯಲು ನನಗೆ ಮುಖವಿರಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಹೋದ ಕಾರ್ತಿಕದ ಒಂದು ಭಾನುವಾರ ಅವರೆಲ್ಲ ಹೊಳಲಿಗೆ ಅನಂತಶಯನನ ಗುಡಿಗೆ ಹೋಗಿದ್ದರು. ನನ್ನ ಹೆಂಡತಿ ದೊಡ್ಡ ಬೋಗುಣಿ ಇಸಿದುಕೊಂಡು ಬರಲು ನನ್ನನ್ನು ಅವರ ಮನೆಗೆ ಕಳಿಸಿದಳು. ಅಕ್ಕ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಎದ್ದು ಚಹಾ ಮಾಡಿಕೊಟ್ಟರು. ಮತ್ತೆ ಮೊರದ ಮುಂದೆ ಕೂತು, ಕಣ್ಣೆತ್ತದೆ ಕೇಳಿದರು.

"ಮೇಷ್ಟ್ರ, ಅವತ್ತು ಶೋರೂಮಿನಾಗ ನೀವೂ ಇದ್ರಿ. ನನ್ನ ತಮ್ಮ ನನ್ನ ಬಿಟ್ಟು ಎಣಿಸಿದ್ನೇನ್ರಿ?"

"ಏನು ಎಣಿಸೂದ್ರಿ ಅಕ್ಕಾರ?" ಎಂದು ಅರ್ಥವಾಗದವನಂತೆ ಕೇಳಿದೆ.

"ದೊಡ್ಡದು ತಗೊಂತೀನಿ ಅಂತಿದ್ದ. ನಾ ಹತ್ತಿ ಕುಂತು ಇಳಿಯೋದ್ರಾಗ ಸಣ್ಣದು ಅಂದ. ಅಕ್ಕನ್ನ ಎಲ್ಲೆಲ್ಲಿ ಕರಕೊಂಡು ತಿರುಗೂದು ಅಂತ ಅನ್ನಿಸಿರಬೇಕು. ತಪ್ಪೇನಲ್ಲ ಬಿಡ್ರಿ, ಅವನಿಗೂ ಹೆಂಡ್ತಿ ಮಕ್ಕಳು ಅದಾರ. ಒಂದು ಮಾತು ನನಗ ಹೇಳಿದ್ರ ಆಗತಿತ್ತು."

ಒಂದು ಸೀಟು ತಪ್ಪಿಸಿದೆನೆಂದು ನಾನು ಎರಡು ವರ್ಷ ನಾಚಿಕೊಂಡಿದ್ದೆ. ತಮ್ಮನ ಮೇಲೆ ಅವರಿಗಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೇನೆಂದು ಆಗ ಗೊತ್ತಾಯಿತು. ಚಹಾದ ಲೋಟ ಕೆಳಗಿಟ್ಟೆ.

"ಇಲ್ರಿ ಅಕ್ಕಾರ. ಅವನು ದೊಡ್ಡದ ಬೇಕಂದಿದ್ದ. ಒಬ್ಬರೂ ಹಿಂದ ಉಳೀಬಾರದು ಅಂದಿದ್ದ. ಬ್ಯಾಡ ಅಂದೋನು ನಾನು."

"ನೀವಾ? ಯಾಕ್ರಿ?"

ಹೇಳಬೇಕಾಗಿದ್ದದ್ದು ಒಂದೇ ಪದ. ಅದು ನಾಲಿಗೆಯವರೆಗೂ ಬಂದಿತ್ತು. "ಮೈಲೇಜ್ ಬರಂಗಿಲ್ಲಂತ," ಎಂದೆ.

ಅಕ್ಕ ಮೊರ ಬದಿಗಿಟ್ಟರು. "ದೊಡ್ಡದ ಬೇಕಂದಿದ್ನಾ?" ಎಂದು ಮತ್ತೊಮ್ಮೆ ಕೇಳಿದರು. ಹೌದೆಂದೆ. ಸೆರಗಿನಿಂದ ಮುಖ ಒರೆಸಿಕೊಂಡು, "ನೀವು ಓದಿದೋರು, ಒಳ್ಳೇದಕ್ಕ ಹೇಳಿರ್ತೀರಿ ಬಿಡ್ರಿ," ಎಂದವರು ಒಳಗೆ ಹೋಗಿ ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ ತಂದು ನನ್ನ ಮುಂದಿಟ್ಟರು. ನಾನು ತಟ್ಟೆ ಖಾಲಿ ಮಾಡಿದೆ.

ಅಷ್ಟರಲ್ಲಿ ಕಾರು ಬಂತು. ಅಕ್ಕ ಎದ್ದು ಓಡಿಹೋಗಿ ಕಾರಿನ ಬಾಗಿಲು ತೆಗೆದರು. ಇಳಿದ ತಮ್ಮನ ಬೆನ್ನು ಸವರಿ, "ಮೇಷ್ಟ್ರು ಎಲ್ಲಾ ಹೇಳಿದ್ರಪ್ಪಾ," ಎಂದರು. ಗೆಳೆಯ ಒಂದು ಕ್ಷಣ ನನ್ನನ್ನೇ ನೋಡಿದ. ನಾನು ಬೋಗುಣಿ ಎತ್ತಿಕೊಂಡು ಹೊರಟಾಗ ಜೊತೆಗೇ ಓಣಿಗೆ ಬಂದ.

"ನಾನ ಅಕ್ಕನ್ನ ಬ್ಯಾಡ ಅಂದೀನಿ ಅಂತ ಆಕಿಗೆ ಅನ್ನಿಸೈತಿ, ಅದು ನನಗ ಗೊತ್ತಿತ್ರಿ," ಎಂದ. "ಆದ್ರ ಏನ್ ಮಾಡೂದು, ನಿಮಗ ಮಾತು ಕೊಟ್ಟಿದ್ನಲ್ಲ. ನೀವ ಹೇಳಿದ್ದು ಬಾಳ ಉಪಕಾರ ಆತು ಮೇಷ್ಟ್ರ."

ಆಮೇಲೆ ನನ್ನ ಕೈಯಿಂದ ಬೋಗುಣಿ ಇಸಿದುಕೊಂಡು, ನಮ್ಮ ಮನೆಯ ಬಾಗಿಲವರೆಗೂ ತಾನೇ ಹೊತ್ತು ತಂದ.